ಪಾಗಾರದಲ್ಲಿ ಉಳಿದ ಕಂಡಿ
(ಉಡುಪಿಯಲ್ಲಿ ಪ್ರೌಢಶಾಲಾ ಶಿಕ್ಷಕರೆದುರು ಮಾಡಿದ ಉಪನ್ಯಾಸ)

ಶಿಕ್ಷಕ ಮಿತ್ರರೇ, ನಮಸ್ಕಾರ.

ವಿಡಿಯೊ ಗೇಮ್ ಇಟ್ಟುಕೊಂಡು ಪ್ರೋಗ್ರಾಮಿಂಗ್ ಕಲಿಸುವುದು ಮಕ್ಕಳನ್ನು ಖುಷಿಪಡಿಸುವ ಉಪಾಯ ಎಂದು ಹಲವರು ತಿಳಿದಿದ್ದಾರೆ. ಖುಷಿ ಇದೆ, ನಿಜ. ನನಗೆ ಮುಖ್ಯವಾದದ್ದು ಬೇರೆ: ಅಲ್ಲಿ ಮಗುವಿನ ತಪ್ಪು ಮಗುವಿಗೇ ಕಾಣುತ್ತದೆ, ನಾವು ಕೆಂಪು ಶಾಯಿಯಲ್ಲಿ ಗೀಟು ಹಾಕಬೇಕಾಗಿಲ್ಲ.

ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟುವ ಆಟ ಮೈನ್‌ಕ್ರಾಫ್ಟ್. ಅದರ ಶಾಲಾ ಆವೃತ್ತಿ 2016ರಲ್ಲಿ ಬಂತು. ಅದರಲ್ಲಿ ಏಜೆಂಟ್ ಎಂಬ ಪುಟ್ಟ ರೋಬೋಟ್ ಇದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಹೇಳಿದಂತೆ ನಡೆಯುತ್ತದೆ. ನನ್ನ ಮೆಚ್ಚಿನ ಪಾಠ, ಮನೆಗೊಂದು ಪಾಗಾರ. ‘ಒಂದು ಹೆಜ್ಜೆ ಮುಂದೆ ಹೋಗು, ಹಿಂದೆ ಒಂದು ಕಲ್ಲು ಇಡು’ ಎಂದು 10 ಸಲ. ಆಮೇಲೆ ಬಲಕ್ಕೆ ತಿರುಗು. ಇಷ್ಟನ್ನೂ 4 ಸಲ. ಲೂಪಿನೊಳಗೆ ಲೂಪು, ಅಂದರೆ ಪುನರಾವರ್ತನೆಯೊಳಗೆ ಇನ್ನೊಂದು ಪುನರಾವರ್ತನೆ. ಕಲ್ಲು 40 ಬೇಕು. ಓಡಿಸಿದರೆ 39 ಮಾತ್ರ! ಒಂದು ಕಂಡಿ ಉಳಿದಿದೆ, ಅದರಲ್ಲಿ ಏಜೆಂಟ್ ನಿಂತಿದೆ. ಬದಿಯನ್ನು ಎಣಿಸಿದರೆ ಎರಡೂ ಮೂಲೆ ಸೇರಿ 11.

ದಯವಿಟ್ಟು ಆಗ ಉತ್ತರ ಹೇಳಬೇಡಿ. ಮಕ್ಕಳನ್ನು ಜಗಲಿಗೆ ಕರೆದುಕೊಂಡು ಹೋಗಿ. ಒಬ್ಬಳು ಏಜೆಂಟ್ ಆಗಲಿ, ನೆಲದ ಟೈಲ್ಸಿನ ಮೇಲೆ ಹೆಜ್ಜೆಗೊಂದು ಗೆರಟೆ ಇಡುತ್ತಾ ಹೋಗಲಿ. ಕೊನೆಗೆ ಅವಳೇ ನಿಲ್ಲುತ್ತಾಳೆ: “ಟೀಚರ್, ಮುಂದೆ ಗೆರಟೆ ಉಂಟು, ನಾನು ಎಲ್ಲಿಗೆ ಹೋಗುವುದು?” ಹೊರಟ ಜಾಗದಲ್ಲೇ ಮೊದಲ ಗೆರಟೆ ಕೂತಿದೆ ಎಂದು ಇಡೀ ತರಗತಿಗೆ ಗೊತ್ತಾಗುತ್ತದೆ. ಒಳಗೆ ಬಂದ ಮೇಲೆ ಕೆಲವರು ಏಜೆಂಟನ್ನು ಮೇಲಕ್ಕೆ ಏರಿಸಿ ಕೆಳಗೆ ಕಲ್ಲು ಇಡಿಸುತ್ತಾರೆ. ಮೂಲೆಯ ಕಲ್ಲು ಎರಡು ಬದಿಗೂ ಸೇರಿದ್ದೆಂಬ ಲೆಕ್ಕವೂ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಹೀಗೆ ನಡೆದು ನೋಡಿ ಕಲಿಯುವ ದಾರಿ ಹಳೆಯದೇ. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲೋಗೋ ಭಾಷೆ ರೂಪಿಸಿದರು. ಅದಕ್ಕೆ ಆಮೇಲೆ ಸೇರಿದ, ಏಜೆಂಟಿನಂತೆ ಹೇಳಿದಂತೆ ನಡೆಯುವ ಆಮೆ ಎತ್ತ ತಿರುಗುತ್ತದೆ ಎಂದು ತಿಳಿಯದಿದ್ದರೆ, ನೀನೇ ಆಮೆಯಾಗಿ ನಡೆದು ನೋಡು ಎನ್ನುತ್ತಿದ್ದರು ಪ್ಯಾಪರ್ಟ್.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ರನ್ ಒತ್ತುವ ಮೊದಲು ಏನಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಲೇಬೇಕು. ಇಲ್ಲದಿದ್ದರೆ ಅಂಕಿ ಬದಲಿಸುತ್ತಾ, ಒತ್ತುತ್ತಾ, ಹೇಗೋ ಸರಿಯಾಗುವವರೆಗೆ ಆಡುತ್ತಾರೆ. ಪಾಗಾರವೇನೋ ಮುಗಿಯುತ್ತದೆ, ಪಾಠ ಆಗಿರುವುದಿಲ್ಲ.

ಮೈನ್‌ಕ್ರಾಫ್ಟ್ ಲೈಸೆನ್ಸಿಗೆ ದುಡ್ಡಿಲ್ಲದ ಶಾಲೆಗಳಿಗೆ ಅಂಥದ್ದೇ ಆಟಗಳ ತಂತ್ರಾಂಶ ಲುವಾಂಟಿ ಇದೆ. 2024ರವರೆಗೆ ಮೈನ್‌ಟೆಸ್ಟ್ ಎಂದಿತ್ತು. ಉಚಿತ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅಲ್ಲಿನ ಭಾಷೆ ಲುವಾ.

ಇನ್ನು ಮೌಸ್ ಯಾರ ಕೈಯಲ್ಲಿದೆ ಎಂದು ನೋಡುತ್ತಿರಿ. ಮನೆಯಲ್ಲಿ ಆಡಿ ಪಳಗಿದ ಹುಡುಗರು ಹಿಡಿದರೆ ಬಿಡುವುದಿಲ್ಲ, ಹುಡುಗಿಯರು ಪಕ್ಕದಲ್ಲಿ ಕೂತು ನೋಡುತ್ತಾರೆ. ಇಬ್ಬಿಬ್ಬರನ್ನು ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಮೊದಲ ಸರದಿಯಲ್ಲಿ ಆಟ ಬಲ್ಲವನಿಗೆ ಬಾಯಲ್ಲಿ ಹೇಳುವ ಕೆಲಸ, ಆಡಿಯೇ ಗೊತ್ತಿಲ್ಲದವಳಿಗೆ ಕೀಬೋರ್ಡು.