ಕೂಗಿ, ಖುಷಿಪಡಿ, ದುಡ್ಡು ಮಾತ್ರ ಆಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ಜೂನ್ ತಿಂಗಳು ಬಂತೆಂದರೆ ಕೆಲವು ಮನೆಗಳಲ್ಲಿ ನಡುರಾತ್ರಿ ಹುಡುಗರ ಕೋಣೆಯಿಂದ ಜೋರು ಕೂಗು ಕೇಳುತ್ತದೆ. ಅಪ್ಪ ಅಮ್ಮ ಗಾಬರಿಯಿಂದ ಎದ್ದು ಬರುತ್ತಾರೆ. ನೋಡಿದರೆ ಕ್ರಿಕೆಟ್ ಮ್ಯಾಚೂ ಇಲ್ಲ, ಏನೂ ಇಲ್ಲ. "ಹೊಸ ಗೇಮ್ ಅನೌನ್ಸ್ ಆಯ್ತಮ್ಮಾ" ಅನ್ನುತ್ತಾನೆ ಮಗ. ಇವತ್ತು ನಾನು ಮಾತಾಡಲು ಬಂದಿರುವುದು ಆ ಕೂಗಿನ ಬಗ್ಗೆ.

ಅಮೆರಿಕದಲ್ಲಿ, ಹೆಚ್ಚಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ, 1995ರಿಂದ ಇ3 ಎಂಬ ದೊಡ್ಡ ವಿಡಿಯೋ ಗೇಮ್ ಪ್ರದರ್ಶನ ನಡೆಯುತ್ತಿತ್ತು. ಸೋನಿ, ನಿಂಟೆಂಡೊ, ಮೈಕ್ರೋಸಾಫ್ಟ್ ಎಲ್ಲರೂ ಅಲ್ಲಿ ವೇದಿಕೆ ಹತ್ತಿ ಮುಂದೆ ಬರಲಿರುವ ಗೇಮ್‌ಗಳ ಟ್ರೇಲರ್ ತೋರಿಸುತ್ತಿದ್ದರು. ಅಲ್ಲಿ ಮಧ್ಯಾಹ್ನ ಆದಾಗ ನಮಗೆ ನಡುರಾತ್ರಿ. ಇ3 ಸಭಾಂಗಣದಲ್ಲಿ ಕೊನೆಯ ಸಲ ನಡೆದದ್ದು 2019ರಲ್ಲಿ. 2023ರ ಡಿಸೆಂಬರ್‌ನಲ್ಲಿ ಅದನ್ನು ಪೂರ್ತಿ ನಿಲ್ಲಿಸಿದರು. ಈಗ ಜೂನ್‌ನಲ್ಲಿ ಸಮ್ಮರ್ ಗೇಮ್ ಫೆಸ್ಟ್ ಇದೆ, ಡಿಸೆಂಬರ್‌ನಲ್ಲಿ ದಿ ಗೇಮ್ ಅವಾರ್ಡ್ಸ್ ಇದೆ. ಜಾಗ ಬದಲಾಯಿತು, ಹೆಸರು ಬದಲಾಯಿತು, ಕೂಗು ಹಾಗೇ ಇದೆ.

ನಾನು ಬೆಂಗಳೂರಿನ ಗೇಮ್ ಸ್ಟುಡಿಯೋ ಒಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಕಾರು, ಕಟ್ಟಡ, ಗಿಡಮರಗಳ ತ್ರೀಡಿ ಮಾಡೆಲ್ ಮಾಡುವುದು ನನ್ನ ಕೆಲಸ. ಈ ಉದ್ಯಮ ನಮ್ಮ ಊರಿಗೆ ಹೊಸದಲ್ಲ. ಧ್ರುವ ಇಂಟರಾಕ್ಟಿವ್ 1997ರಲ್ಲೇ ಬೆಂಗಳೂರಿನಲ್ಲಿ ಶುರುವಾಯಿತು. 2019ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯ ಕೈಗೆ ಹೋಯಿತು. ಹಾಗಾಗಿ ತಂದೆ ತಾಯಂದಿರಿಗೆ ಮೊದಲೇ ಒಂದು ಮಾತು ಹೇಳುತ್ತೇನೆ. ಆ ಕೂಗನ್ನು ದಯವಿಟ್ಟು ಹೀಗಳೆಯಬೇಡಿ. ಮೂರು ನಿಮಿಷದ ಆ ಚಿತ್ರದ ಹಿಂದೆ ನೂರಾರು ಜನರ ವರ್ಷಗಟ್ಟಲೆ ದುಡಿಮೆ ಇರುತ್ತದೆ. ನಿಮ್ಮ ಪಕ್ಕದ ಬೀದಿಯ ಹುಡುಗಿಯೂ ಅದರಲ್ಲಿ ಕೆಲಸ ಮಾಡಿರಬಹುದು. ಒಳ್ಳೆಯದನ್ನು ಕಂಡಾಗ ಕೂಗಿದರೆ ಏನು ತಪ್ಪು?

ಗೇಮ್ ಆಡುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಒಂದೇ ಮಾತು. ಕೂಗಿ, ಖುಷಿಪಡಿ, ದುಡ್ಡು ಮಾತ್ರ ಆಮೇಲೆ ಕೊಡಿ. ಗೇಮ್ ಹೊರಗೆ ಬರಲಿ. ನಾಲ್ಕು ಜನ ಆಡಲಿ. ಆಮೇಲೆ ಕೊಳ್ಳಿ. ಪ್ರೀ-ಆರ್ಡರ್, ಅಂದರೆ ಬಿಡುಗಡೆಗೆ ಮೊದಲೇ ಮುಂಗಡ ಕೊಡುವುದು, ಬೇಡ.

ಯಾಕೆ ಬೇಡ? ಟ್ರೇಲರ್ ಅಂದರೆ ಗೇಮ್ ಅಲ್ಲ, ಅದಕ್ಕೆ. ಹೊಸ ಅಪಾರ್ಟ್‌ಮೆಂಟ್ ಕಟ್ಟುವಾಗ ಒಂದು ಮಾಡೆಲ್ ಫ್ಲ್ಯಾಟ್ ಮಾಡಿ ತೋರಿಸುತ್ತಾರಲ್ಲ, ಹಾಗೆ ಇದು. ಸೋಫಾ, ಪರದೆ, ಲೈಟು ಎಲ್ಲ ಇರುತ್ತದೆ. ಉಳಿದ ಹತ್ತು ಮಹಡಿಗೆ ಇನ್ನೂ ಕಾಂಕ್ರೀಟ್ ಬಿದ್ದಿರುವುದಿಲ್ಲ. ಪ್ರದರ್ಶನ ಹತ್ತಿರ ಬಂದಾಗ ಸ್ಟುಡಿಯೋದಲ್ಲಿ ಆಗುವುದೂ ಇದೇ. ನಿಜವಾದ ಗೇಮ್‌ನ ಕೆಲಸ ಪಕ್ಕಕ್ಕಿಟ್ಟು, ತೋರಿಸಬೇಕಾದ ಒಂದು ಬೀದಿ, ಒಂದು ಹೊಡೆದಾಟ, ಒಂದು ಕಾರು, ಇಷ್ಟನ್ನೇ ವಾರಗಟ್ಟಲೆ ತಿದ್ದುತ್ತೇವೆ. ಆ ಬೀದಿಯಿಂದ ಎಡಕ್ಕೆ ತಿರುಗಿದರೆ ಅಲ್ಲಿ ಏನೂ ಇರುವುದಿಲ್ಲ. ವೇದಿಕೆಯ ಮೇಲೆ ಆಡುವವರು ಎಡಕ್ಕೆ ತಿರುಗುವುದೂ ಇಲ್ಲ. ಬಲಕ್ಕೆ ಹೋಗುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬಂದಿರುತ್ತಾರೆ. ಕೆಲವು ಟ್ರೇಲರ್‌ಗಳನ್ನಂತೂ ಗೇಮ್ ಮಾಡುವವರು ಮಾಡುವುದೇ ಇಲ್ಲ, ಹೊರಗಿನ ಅನಿಮೇಷನ್ ಕಂಪನಿ ಮಾಡಿಕೊಡುತ್ತದೆ. ಪರದೆಯ ಕೆಳಗಡೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಅಂತ ಮುಂದಿನ ಸಲ ಓದಿ ನೋಡಿ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಒಂದಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

2019ರ ಜೂನ್ 9. ಲಾಸ್ ಏಂಜಲೀಸ್‌ನಲ್ಲಿ ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಕಾರ್ಯಕ್ರಮ. ಸೈಬರ್‌ಪಂಕ್ 2077 ಎಂಬ ಗೇಮ್‌ನ ಟ್ರೇಲರ್ ಓಡುತ್ತಿದೆ. ಮಾಡಿದವರು ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್. ಇವರ ಮೇಲೆ ಜನಕ್ಕೆ ಅಪಾರ ನಂಬಿಕೆ. ಮೊದಲ ಟೀಸರ್ 2013ರಲ್ಲೇ ಬಂದಿತ್ತು, ಅಂದರೆ ಆರು ವರ್ಷ ಕಾದ ಜನ ಅವರು. ಟ್ರೇಲರ್ ಕೊನೆಯಲ್ಲಿ ಕಥಾನಾಯಕ ಏಟು ತಿಂದು ಕಸದ ರಾಶಿಯಲ್ಲಿ ಬಿದ್ದಿದ್ದಾನೆ. ಬೆಳ್ಳಿ ಬಣ್ಣದ ಲೋಹದ ಕೈಯ ಒಬ್ಬ ಬರುತ್ತಾನೆ. ಮುಖ ಕಾಣುತ್ತದೆ. ಹಾಲಿವುಡ್ ನಟ ಕೀನು ರೀವ್ಸ್! ಸಭಾಂಗಣಕ್ಕೆ ಸಭಾಂಗಣವೇ ಕಿರುಚಿತು. ಅಷ್ಟಕ್ಕೇ ಮುಗಿಯಲಿಲ್ಲ. ವೇದಿಕೆಯ ಮೇಲೆ ಹೊಗೆ, ಬೆಳಕು, ಅದರ ನಡುವಿನಿಂದ ಸ್ವತಃ ಕೀನು ರೀವ್ಸ್ ನಡೆದು ಬಂದರು. ಯಾರಿಗೂ ಸುಳಿವೇ ಇರಲಿಲ್ಲ. ಈ ಗೇಮ್‌ನ ನಗರದ ಬೀದಿಗಳಲ್ಲಿ ಓಡಾಡುವುದು ಬ್ರೆತ್‌ಟೇಕಿಂಗ್, ಅಂದರೆ ಉಸಿರು ಬಿಗಿಹಿಡಿಸುವಷ್ಟು ಅದ್ಭುತ ಅನುಭವ ಎಂದು ಅವರು ಹೇಳುತ್ತಿದ್ದಾಗ ಜನರ ನಡುವಿನಿಂದ ಒಬ್ಬ, "ಬ್ರೆತ್‌ಟೇಕಿಂಗ್ ಅಂದ್ರೆ ನೀವು!" ಎಂದು ಕೂಗಿದ. ಕೀನು ರೀವ್ಸ್ ತಕ್ಷಣ ಅವನ ಕಡೆ ಬೆರಳು ತೋರಿಸಿ, "ನೀವೇ ಬ್ರೆತ್‌ಟೇಕಿಂಗ್! ನೀವೆಲ್ಲರೂ!" ಎಂದರು. ಆ ಕ್ಷಣದ ವಿಡಿಯೋ ಈಗಲೂ ಸಿಗುತ್ತದೆ, ನೋಡಿ. ನನಗೆ ಇವತ್ತಿಗೂ ರೋಮಾಂಚನ ಆಗುತ್ತದೆ. ಅಪರಿಚಿತರು ಒಟ್ಟಿಗೆ ಕೂತು ಅಷ್ಟು ಸಂತೋಷಪಡುವುದು ಅಪರೂಪ. ಆ ಕೂಗು ಅಪ್ಪಟ ನಿಜ.

ಆದರೆ ದುಡ್ಡು? ಗೇಮ್ 2020ರ ಏಪ್ರಿಲ್ 16ಕ್ಕೆ ಬರುತ್ತದೆ ಎಂದು ಕೀನು ಅದೇ ವೇದಿಕೆಯಲ್ಲಿ ಹೇಳಿದರು. ಪ್ರೀ-ಆರ್ಡರ್ ಶುರುವಾಯಿತು. ಏಪ್ರಿಲ್ ಹೋಗಿ ಸೆಪ್ಟೆಂಬರ್ ಆಯಿತು, ಸೆಪ್ಟೆಂಬರ್ ಹೋಗಿ ನವೆಂಬರ್, ನವೆಂಬರ್ ಹೋಗಿ ಡಿಸೆಂಬರ್ 10. ಅಷ್ಟರಲ್ಲಿ 80 ಲಕ್ಷ ಜನ ಮುಂಗಡ ಕೊಟ್ಟಾಗಿತ್ತು. ಎಂಬತ್ತು ಲಕ್ಷ! ನಮ್ಮಲ್ಲಿ ಪಿಸಿ ಗೇಮ್‌ನ ಬೆಲೆಯೇ 2,999 ರೂಪಾಯಿ ಇತ್ತು. ವಿಮರ್ಶೆ ಬರೆಯುವವರಿಗೆ ಮೊದಲು ಕೊಟ್ಟದ್ದು ಪಿಸಿ ಪ್ರತಿ ಮಾತ್ರ. ಟಿವಿಗೆ ಜೋಡಿಸಿ ಆಡುವ ಯಂತ್ರಗಳಾದ ಸೋನಿಯ ಪ್ಲೇಸ್ಟೇಷನ್ 4 ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಅದು ಹೇಗೆ ಓಡುತ್ತದೆ ಎಂದು ಹೊರಗಿನವರು ಯಾರೂ ನೋಡಿರಲಿಲ್ಲ. ಬಿಡುಗಡೆಯಾದ ಮೇಲೆ ಗೊತ್ತಾಯಿತು. ಮುಖಗಳು ಮಸುಕು. ಕಣ್ಣೆದುರೇ ಜನ ಮಾಯ. ಮಧ್ಯೆ ಮಧ್ಯೆ ಗೇಮ್ ನಿಂತೇ ಹೋಗುವುದು. ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿ, ಕೊಂಡವರಿಗೆ ಹಣ ವಾಪಸ್ ಕೊಡುತ್ತೇನೆ ಎಂದಿತು. ಆರು ತಿಂಗಳು ಅಲ್ಲಿ ಆ ಗೇಮ್ ಮಾರಾಟಕ್ಕೇ ಇರಲಿಲ್ಲ. ಕಂಪನಿಯ ಸ್ಥಾಪಕರಲ್ಲಿ ಒಬ್ಬರು ಮರುವರ್ಷ ಜನವರಿಯಲ್ಲಿ ವಿಡಿಯೋ ಮಾಡಿ ಕ್ಷಮೆ ಕೇಳಿದರು.

ಆಮೇಲೆ ಅವರು ಬಿಡದೆ ರಿಪೇರಿ ಮಾಡಿದರು. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂತು. ಅದು ಈಗ ನಿಜಕ್ಕೂ ಅದ್ಭುತವಾದ ಗೇಮ್. ಆ ನಗರದ ಬೀದಿಗಳನ್ನು ನೋಡಿದಾಗ ಮಾಡಿದವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಕಾದವರಿಗೆ ಅದು ಅರ್ಧ ಬೆಲೆಗೆ ಸಿಕ್ಕಿತು, ಅದೂ ಪೂರ್ತಿ ಸಿದ್ಧವಾಗಿ. ಮೊದಲೇ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಅರೆಬೆಂದ ಗೇಮ್, ಪೂರ್ತಿ ಬೆಲೆಗೆ. ಕೂಗಿದ್ದರಲ್ಲಿ ತಪ್ಪಿಲ್ಲ. ಮುಂಗಡ ಕೊಟ್ಟದ್ದು ತಪ್ಪು.

"ಸರ್, ಪ್ರೀ-ಆರ್ಡರ್ ಮಾಡಿದ್ರೆ ಗೇಮ್‌ನ ಹೀರೋಗೆ ಎಕ್ಸ್‌ಟ್ರಾ ಡ್ರೆಸ್ ಕೊಡ್ತಾರೆ" ಅನ್ನುತ್ತಾರೆ ನನ್ನ ಹತ್ತಿರ ಕಲಿಯುವ ಹುಡುಗರು. ನನಗೆ ತಾಳ್ಮೆ ತಪ್ಪುವುದೇ ಇಲ್ಲಿ. ಹಿಂದೆ ಕಾರ್ಟ್ರಿಜ್, ಸಿಡಿ ಬರುತ್ತಿತ್ತು. ಅಂಗಡಿಯಲ್ಲಿ ಸ್ಟಾಕ್ ಖಾಲಿಯಾಗುತ್ತಿತ್ತು. ಮುಂಗಡ ಕೊಟ್ಟರೆ ಒಂದು ಅರ್ಥವಿತ್ತು. ಡೌನ್‌ಲೋಡ್ ಮಾಡುವ ಗೇಮ್‌ಗೆ ಸ್ಟಾಕ್ ಖಾಲಿಯಾಗುವುದು ಎಲ್ಲಿಂದ? ನೀವು ಎರಡು ವಾರ ಬಿಟ್ಟು ಹೋದರೂ ಅದು ಅಲ್ಲೇ ಇರುತ್ತದೆ.

ನನಗೆ ಕೊಟ್ಟ ಸಮಯದಲ್ಲಿ ಜಾಸ್ತಿ ಭಾಗ ಇದಕ್ಕೇ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕೂಗು ಬೈಗುಳವಾಗುವುದೂ ಇದೆ. ನೋ ಮ್ಯಾನ್ಸ್ ಸ್ಕೈ ಎಂಬ ಗೇಮ್ 2014ರ ಇ3ಯಲ್ಲಿ ಸೋನಿ ವೇದಿಕೆಯ ಮೇಲೆ ಬಂದಾಗ ಜನ ಬೆರಗಾಗಿದ್ದರು. ಮಾಡಿದ್ದು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಒಂದು ಪುಟ್ಟ ತಂಡ. ಬಿಡುಗಡೆ ಬರೀ ಏಳು ವಾರ ಮುಂದಕ್ಕೆ ಹೋಯಿತೆಂದು ಅವರಿಗೆ ಕೊಲೆ ಬೆದರಿಕೆಗಳು ಬಂದವು. ಒಂದು ಆಟಕ್ಕಾಗಿ ಕೊಲೆ ಬೆದರಿಕೆ! 2018ರಲ್ಲಿ ಡಯಾಬ್ಲೊ ಗೇಮ್‌ನ ಹೊಸ ಭಾಗ ಮೊಬೈಲ್‌ಗೆ ಬರುತ್ತದೆ ಎಂದಾಗ ಸಭೆಯಲ್ಲಿ ಒಬ್ಬ ಎದ್ದು, ಇದು ಏಪ್ರಿಲ್ ಫೂಲ್ ತಮಾಷೆಯಾ ಎಂದು ಕೇಳಿದ. ಕೇಳಲಿ, ಬೇಸರ ಹೇಳುವ ಹಕ್ಕು ಅವನಿಗಿದೆ. ವೇದಿಕೆಯ ಮೇಲೆ ನಿಂತವರನ್ನು ಮನೆವರೆಗೂ ಅಟ್ಟಿಸಿಕೊಂಡು ಹೋಗುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಅವರು ದುಡಿಯುವ ಜನ.

ಕಾಯುವುದು ಆಗದ ಮಾತು ಅನ್ನುವವರಿಗೆ ಸಿಲ್ಕ್‌ಸಾಂಗ್ ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಬೆರಳೆಣಿಕೆಯ ಜನರ ತಂಡ 2019ರಲ್ಲಿ ಈ ಗೇಮ್ ಘೋಷಿಸಿತು. ಪ್ರತಿ ಪ್ರದರ್ಶನದಲ್ಲೂ ಜನ "ಸಿಲ್ಕ್‌ಸಾಂಗ್ ಎಲ್ಲಿ?" ಎಂದು ಕೇಳುತ್ತಲೇ ಇದ್ದರು. ಬಂದದ್ದು 2025ರ ಸೆಪ್ಟೆಂಬರ್ 4ರಂದು. ಪ್ರೀ-ಆರ್ಡರ್ ಇಡಲೇ ಇಲ್ಲ. ಬಂದ ದಿನ ಎಲ್ಲರೂ ಒಟ್ಟಿಗೆ ಕೊಳ್ಳಲು ಹೋಗಿ ಸ್ಟೀಮ್ ಎಂಬ ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯೇ ಸ್ವಲ್ಪ ಹೊತ್ತು ಸ್ಥಗಿತಗೊಂಡಿತು. ಆರೂವರೆ ವರ್ಷ ಕೂಗಿ, ದುಡ್ಡು ಕೊನೆಗೆ ಕೊಟ್ಟರು. ಯಾರೂ ಸಾಯಲಿಲ್ಲ ಅಲ್ವಾ?

ಜೇಬಿನಲ್ಲಿ ದುಡ್ಡು ಇದ್ದಾಗಲೇ ನಿಮ್ಮ ಮಾತಿಗೆ ಬೆಲೆ. 2013ರಲ್ಲಿ ಏನಾಯಿತು ನೋಡಿ. ಹೊಸ ಎಕ್ಸ್‌ಬಾಕ್ಸ್ ಒನ್ ಇಂಟರ್ನೆಟ್‌ಗೆ ದಿನಕ್ಕೊಮ್ಮೆಯಾದರೂ ಸಂಪರ್ಕಗೊಳ್ಳಬೇಕು, ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳಿಗೆ ನಿರ್ಬಂಧ ಎಂದು ಮೈಕ್ರೋಸಾಫ್ಟ್ ಹೇಳಿತು. ಜನ ಸಿಟ್ಟಿಗೆದ್ದರು. ಆ ವರ್ಷದ ಇ3ಯಲ್ಲಿ, ಜೂನ್ 10ರಂದು, ಪ್ಲೇಸ್ಟೇಷನ್ 4ರಲ್ಲಿ ಅಂಥ ಯಾವ ನಿರ್ಬಂಧವೂ ಇಲ್ಲ, ಬೆಲೆ 399 ಡಾಲರ್ ಎಂದು ಸೋನಿ ಘೋಷಿಸಿತು. ಎಕ್ಸ್‌ಬಾಕ್ಸ್‌ನ ಬೆಲೆ 499. ಸಭಾಂಗಣದಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ತನ್ನ ಎರಡು ನಿಯಮಗಳನ್ನೂ ಹಿಂತೆಗೆದುಕೊಂಡಿತು. ಒಂಬತ್ತೇ ದಿನ! ಆಗ ಯಂತ್ರ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಬಂದದ್ದು ನವೆಂಬರ್‌ನಲ್ಲಿ. ಡಿಸ್ಕ್ ಹಂಚಿಕೊಂಡು ಆಡುವ ನಮ್ಮ ಹುಡುಗರಿಗೂ ಅದರಿಂದ ಲಾಭವಾಯಿತು.

ಈಗಾಗಲೇ ಮುಂಗಡ ಕೊಟ್ಟಿದ್ದೇನೆ ಅನ್ನುವವರು ಗಮನಿಸಿ. ಸ್ಟೀಮ್‌ನಲ್ಲಿ ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ಪ್ರೀ-ಆರ್ಡರ್ ರದ್ದು ಮಾಡಿ ಹಣ ವಾಪಸ್ ಕೇಳಬಹುದು. ಕೊಂಡಾದ ಮೇಲೂ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ, ಕೇಳಬಹುದು. ಇವತ್ತು ಸಂಜೆಯೇ ಮನೆಯಲ್ಲಿ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಲ ನೋಡಿ.

ನಮಸ್ಕಾರ.