ಕೈ ಸೋತಿದೆ, ಆದರೆ ತೊಂದರೆ ಇರುವುದು ಕೈಯಲ್ಲೇನಾ?

[ತೆರೆಯ ಮೇಲೆ: ಒಂದು ಕೈ ಬಾಟಲಿಯ ಮುಚ್ಚಳ ತಿರುಗಿಸುತ್ತಿದೆ. ಮುಚ್ಚಳ ಅಲುಗುತ್ತಿಲ್ಲ.]

ನಮಸ್ಕಾರ. ಈ ಮುಚ್ಚಳ ನೋಡಿ. ಹೋದ ತಿಂಗಳವರೆಗೂ ಮಾತಾಡುತ್ತಾ ಮಾತಾಡುತ್ತಾ ತೆಗೆಯುತ್ತಿದ್ದ ಮುಚ್ಚಳ. ಈಗ ಎರಡು ಸಲ ತಿರುಗಿಸಿದರೂ ಬರುವುದಿಲ್ಲ. ಪಕ್ಕದಲ್ಲಿದ್ದವರ ಕೈಗೆ ಕೊಟ್ಟರೆ ಸುಮ್ನೆ ಹಾಗೆ ಅಂದ ತಕ್ಷಣ ಬಿಚ್ಚಿಕೊಳ್ಳುತ್ತದೆ. ಆಮೇಲೆ ಎಲ್ಲರೂ ಹೇಳುವ ಮಾತು ಒಂದೇ: "ನರ ವೀಕ್ ಆಗಿರಬೇಕು, ಒಂದು ವಿಟಮಿನ್ ಮಾತ್ರೆ ತಗೊಳ್ಳಿ."

ಈ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. "ನರ ದೌರ್ಬಲ್ಯ" ಅನ್ನುವುದು ಕಾಯಿಲೆಯ ಹೆಸರಲ್ಲ. ಯಾವ ನರ, ಎಲ್ಲಿ, ಯಾಕೆ ಅನ್ನುವುದು ಗೊತ್ತಾಗದೆ ನುಂಗುವ ಮಾತ್ರೆ ಹೆಚ್ಚಿನ ಸಲ ಸಮಯ ಹಾಳು ಮಾಡುತ್ತದೆ, ಅಷ್ಟೇ. ಕೆಲವು ಕಾಯಿಲೆಗಳಲ್ಲಿ ಆ ಸಮಯಕ್ಕೇ ಬೆಲೆ ಜಾಸ್ತಿ.

ಕರೆಂಟ್ ಹೋದರೆ ಮೊದಲು ಏನು ಮಾಡುತ್ತೇವೆ? ಪಕ್ಕದ ಮನೆಯಲ್ಲಿ ಇದೆಯಾ ಅಂತ ಇಣುಕುತ್ತೇವೆ. ಒಂದೇ ರೂಮಿನದು ಹೋಗಿದೆಯಾ, ಮನೆಯದೇ ಹೋಗಿದೆಯಾ, ಬೀದಿಗೆ ಬೀದಿಯೇ ಕತ್ತಲೆಯಾ? ಅದರ ಮೇಲೆ ದೋಷ ಬಲ್ಬಿನಲ್ಲೋ, ಫ್ಯೂಸಿನಲ್ಲೋ, ಟ್ರಾನ್ಸ್‌ಫಾರ್ಮರ್‌ನಲ್ಲೋ ಅಂತ ಅಂದಾಜಾಗುತ್ತದೆ. ಕೈ ಸೋತಾಗ ವೈದ್ಯರು ಮಾಡುವುದೂ ಇದನ್ನೇ.

[ತೆರೆಯ ಮೇಲೆ: ತಲೆಯಿಂದ ಬೆರಳಿನವರೆಗೆ ಇಳಿಯುವ ಒಂದು ಗೆರೆ]

ಮುಚ್ಚಳ ತಿರುಗಿಸು ಅನ್ನುವ ಅಪ್ಪಣೆ ಹೊರಡುವುದು ಮಿದುಳಿನಿಂದ. ಮಿದುಳಿನ ಬುಡದಲ್ಲಿ ಅದು ಪಕ್ಕ ಬದಲಿಸುತ್ತದೆ. ಅದಕ್ಕೇ ಎಡ ಮಿದುಳಿಗೆ ಪೆಟ್ಟಾದರೆ ಸೋಲುವುದು ಬಲಗೈ. ಅಲ್ಲಿಂದ ಕತ್ತಿನ ಮೂಳೆಗಳ ಒಳಗೆ ಬೆನ್ನುಹುರಿಯಲ್ಲಿ ಇಳಿಯುತ್ತದೆ. ಕತ್ತಿನ ಕೆಳಭಾಗದಲ್ಲಿ ಪ್ರತಿ ಕೈಗೂ 5 ನರದ ಬೇರುಗಳು ಹೊರಬರುತ್ತವೆ. ಇವು ಕಾಲರ್ ಮೂಳೆಯ ಹಿಂದೆ ಜಡೆ ಹೆಣೆದ ಹಾಗೆ ಒಂದರೊಳಗೊಂದು ಸೇರಿ, ಬೇರೆಯಾಗಿ ಕೈಯ ನರಗಳಾಗುತ್ತವೆ. ನರದ ತುದಿಗೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದ ಒಂದು ಸಂದು. ಅದನ್ನು ಒಂದು ರಾಸಾಯನಿಕ ದಾಟಬೇಕು. ಆಮೇಲೆ ಸ್ನಾಯು ಬಿಗಿಯಬೇಕು. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ನಮಗೆ ಕಾಣುವುದು ಒಂದೇ: ಮುಚ್ಚಳ ಬರುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಭುಜ ನೋಯುತ್ತದೆ ಅಂತ ಕೈ ಎತ್ತದಿರುವುದು ಬೇರೆ, ಎತ್ತಲು ಶಕ್ತಿಯೇ ಇಲ್ಲದಿರುವುದು ಬೇರೆ. ಬೇರೆಯವರು ನಿಮ್ಮ ಕೈಯನ್ನು ನಿಧಾನವಾಗಿ ಎತ್ತಿದಾಗಲೂ ಅರ್ಧಕ್ಕೇ ನಿಂತುಬಿಟ್ಟರೆ ಕೀಲು ಬಿಗಿದಿದೆ. ಅವರು ಎತ್ತಿದರೆ ಪೂರ್ತಿ ಹೋಗುತ್ತದೆ, ನೀವು ಎತ್ತಿದರೆ ಮಾತ್ರ ಆಗುವುದಿಲ್ಲ ಅಂದರೆ ನರ, ಸ್ನಾಯು ಅಥವಾ ಸ್ನಾಯುವನ್ನು ಮೂಳೆಗೆ ಹಿಡಿದಿರುವ ಸ್ನಾಯುರಜ್ಜುವಿನ ಕಡೆ ನೋಡಬೇಕು. ಭುಜದ ರಜ್ಜು ಹರಿದವರಲ್ಲಿ ಹೀಗೆ ಆಗುವುದುಂಟು.

ಈಗ ಕಾಯಲು ಸಮಯವೇ ಇಲ್ಲದ ಕಾರಣ. ಸ್ಟ್ರೋಕ್. ಪಾರ್ಶ್ವವಾಯು, ಲಕ್ವ ಅಂತೆಲ್ಲ ಕರೆಯುತ್ತೇವಲ್ಲ, ಅದೇ. ಇದು ಬರುವುದು ಹಠಾತ್ತಾಗಿ. ಹಿಡಿದಿದ್ದ ಲೋಟ ಜಾರುತ್ತದೆ. ಒಂದೇ ಪಕ್ಕದ ಕೈ, ಜೊತೆಗೆ ಬಹಳ ಸಲ ಅದೇ ಪಕ್ಕದ ಕಾಲು, ಬಾಯಿ ಒಂದು ಕಡೆ ವಾಲುವುದು, ಮಾತು ತೊದಲುವುದು. ಒಂದು ಸುಲಭದ ಪರೀಕ್ಷೆ ಇದೆ. ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಕಣ್ಣು ಮುಚ್ಚಿ 10 ಸೆಕೆಂಡ್ ಹಿಡಿಯಲು ಹೇಳಿ. ಸೋತ ಕೈ ಮೆಲ್ಲಗೆ ಒಳಗೆ ತಿರುಗಿ ಕೆಳಗೆ ಇಳಿಯುತ್ತದೆ. ಎಷ್ಟೋ ಸಲ ಇಳಿದದ್ದು ಅವರ ಗಮನಕ್ಕೇ ಬಂದಿರುವುದಿಲ್ಲ.

ಹೀಗಾದರೆ ಆಂಬುಲೆನ್ಸ್ ಕರೆಯಿರಿ. ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಗಂಟೆ ಎಣಿಸುವುದು ಆಸ್ಪತ್ರೆ ತಲುಪಿದ ಹೊತ್ತಿನಿಂದಲ್ಲ, ಆ ವ್ಯಕ್ತಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಅದಕ್ಕೇ ಆ ಹೊತ್ತನ್ನು ಬರೆದಿಟ್ಟುಕೊಳ್ಳಿ. ಮನೆಯಲ್ಲಿದ್ದ ಆಸ್ಪಿರಿನ್ ಕೊಡುವ ಅವಸರ ಬೇಡ. ಹೆಪ್ಪುಗಟ್ಟಿದೆಯೋ, ರಕ್ತಸ್ರಾವ ಆಗಿದೆಯೋ ಅನ್ನುವುದು ಸ್ಕ್ಯಾನ್ ಮಾಡದೆ ಹೇಳಲು ಬರುವುದಿಲ್ಲ.

"10 ನಿಮಿಷ ಕೈ ಬಿದ್ದುಹೋಗಿತ್ತು, ಈಗ ಸರಿಯಾಗಿದೆ, ನಾಳೆ ನೋಡೋಣ" ಅನ್ನುವವರು ಬಹಳ. ಇದು ಮಿನಿ ಸ್ಟ್ರೋಕ್ ಇರಬಹುದು. ದೊಡ್ಡದು ಬರುವ ಅಪಾಯ ಮುಂದಿನ ಒಂದೆರಡು ದಿನಗಳಲ್ಲೇ ಅತಿ ಹೆಚ್ಚು. ಸರಿಹೋಯಿತು ಅನ್ನುವ ಕಾರಣಕ್ಕೇ ಮನೆಯಲ್ಲಿ ಉಳಿಯಬೇಡಿ.

[ತೆರೆಯ ಮೇಲೆ: ಮಣಿಕಟ್ಟು ಕೆಳಗೆ ಬಿದ್ದ ಕೈ]

ಈಗ ಈ ಕೈ ನೋಡಿ. ಬೆಳಗ್ಗೆ ಎದ್ದವರಿಗೆ ಮಣಿಕಟ್ಟು ಎತ್ತಲು ಆಗುತ್ತಿಲ್ಲ, ಬಾಡಿದ ಹೂವಿನ ಹಾಗೆ ಜೋತುಬಿದ್ದಿದೆ. ಇವರೂ ಸ್ಟ್ರೋಕ್ ಅಂತಲೇ ಹೆದರಿ ಓಡಿಬರುತ್ತಾರೆ. ಬಂದದ್ದು ಸರಿ. ಆದರೆ ಮುಖ ನೆಟ್ಟಗಿದೆ, ಮಾತು ಸ್ಪಷ್ಟವಾಗಿದೆ, ಭುಜದಲ್ಲಿ ಶಕ್ತಿ ಇದೆ. ರಾತ್ರಿ ಕುರ್ಚಿಯ ಬೆನ್ನಿನ ಮೇಲೆ ತೋಳು ಚೆಲ್ಲಿ ಗಾಢ ನಿದ್ದೆ ಹೋಗಿದ್ದರಂತೆ. ತೋಳಿನ ಮೂಳೆಗೆ ಸುತ್ತಿಕೊಂಡು ಬರುವ ರೇಡಿಯಲ್ ನರ ಗಂಟೆಗಟ್ಟಲೆ ಅದುಮಿಕೊಂಡಿದೆ. ಮಾಮೂಲಿಯಾಗಿ ಕೈಗೆ ಜೋಮು ಹಿಡಿದರೆ ನಾವು ಎಚ್ಚರವಾಗಿ ಮಗ್ಗುಲು ಬದಲಿಸುತ್ತೇವೆ. ಕುಡಿದು ಮಲಗಿದವರಿಗೆ ಆ ಎಚ್ಚರ ಆಗುವುದಿಲ್ಲ. ಅದಕ್ಕೇ ಇದಕ್ಕೆ ಶನಿವಾರ ರಾತ್ರಿಯ ಪಾರ್ಶ್ವವಾಯು ಅನ್ನುವ ಅಡ್ಡಹೆಸರು. ಹೆಚ್ಚಿನವರಿಗೆ ವಾರಗಳಿಂದ ಕೆಲವು ತಿಂಗಳುಗಳಲ್ಲಿ ಶಕ್ತಿ ವಾಪಸ್ ಬರುತ್ತದೆ.

ಅದುಮಿಕೊಳ್ಳುವ ನರಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಮಣಿಕಟ್ಟಿನ ಮೀಡಿಯನ್ ನರ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಿನ ಸುರಂಗ ಇದೆ, ಕಾರ್ಪಲ್ ಟನಲ್. ಅದರೊಳಗೆ 9 ಸ್ನಾಯುರಜ್ಜುಗಳ ಜೊತೆ ಈ ನರವೂ ತೂರಿಕೊಂಡು ಹೋಗಬೇಕು. ಬಸ್ಸಿನಲ್ಲಿ ಒಬ್ಬರು ಸ್ವಲ್ಪ ದಪ್ಪಗಾದರೂ ಪಕ್ಕದವರು ನಜ್ಜುಗುಜ್ಜು, ಅಲ್ವಾ? ಹಾಗೇ. ಗರ್ಭಿಣಿಯರಲ್ಲಿ, ಶುಗರ್ ಇರುವವರಲ್ಲಿ, ಥೈರಾಯ್ಡ್ ಕಡಿಮೆ ಇರುವವರಲ್ಲಿ ಇದು ಜಾಸ್ತಿ. ಗುರುತು ಏನೆಂದರೆ, ಮಧ್ಯರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಹಾಯೆನಿಸುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು ಇರುತ್ತದೆ, ಕಿರುಬೆರಳು ಆರಾಮಾಗಿರುತ್ತದೆ. ಮೊದಮೊದಲು ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ನೇರವಾಗಿಟ್ಟರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗತೊಡಗಿದರೆ ಮಾತ್ರ ಕಾಯಬಾರದು. ನರ ಒಳಗೊಳಗೇ ಸಾಯುತ್ತಿದೆ ಅಂತ ಅರ್ಥ. ಆಪರೇಷನ್ ಬೇಕಾಗಬಹುದು.

ಕಿರುಬೆರಳಿನ ಕಥೆ ಬೇರೆ. ಅದು ನನ್ನದೇ ಕಥೆ.

ಈ ಚಾನೆಲ್ ಶುರು ಮಾಡಿದ ಹೊಸದರಲ್ಲಿ ರಾತ್ರಿಯೆಲ್ಲ ಎಡಿಟಿಂಗ್. ಬಲಗೈಯಲ್ಲಿ ಮೌಸ್, ಎಡ ಮೊಣಕೈ ಮೇಜಿನ ಅಂಚಿನ ಮೇಲೆ, ಗಲ್ಲ ಅಂಗೈಯ ಮೇಲೆ. ಎರಡು ವಾರಕ್ಕೆ ಎಡ ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಮರಗಟ್ಟಿದ ಹಾಗಾಯಿತು. ನಾನೂ ಎಲ್ಲರ ಹಾಗೆ ಸುಮ್ಮನಿದ್ದೆ. ಒಂದು ದಿನ ಉಗುರು ಕತ್ತರಿಸುವಾಗ ಎಡಗೈ ಒತ್ತಲಿಲ್ಲ. ಮೊಣಕೈ ಎಲ್ಲಿಗಾದರೂ ತಾಗಿದರೆ ಶಾಕ್ ಹೊಡೆದ ಹಾಗಾಗುತ್ತದಲ್ಲ, ಅದೇ ಅಲ್ನಾರ್ ನರ. ಅಲ್ಲಿ ಅದರ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಹೊದಿಕೆ ಇಲ್ಲ. ನಾನು ದಿನಾ ಅದರ ಮೇಲೇ ಕೂತಿದ್ದೆ ಅನ್ನಬಹುದು.

[ತೆರೆಯ ಮೇಲೆ: ಎರಡು ಕೈಗಳ ನಡುವೆ ಒಂದು ಕಾಗದ]

ನರರೋಗ ವೈದ್ಯರು ಮಾಡಿದ ಮೊದಲ ಪರೀಕ್ಷೆಗೆ ಯಂತ್ರವೇ ಬೇಕಿರಲಿಲ್ಲ. ಒಂದು ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳ ಪಕ್ಕದ ನಡುವೆ ಎರಡೂ ಕೈಯಲ್ಲಿ ಒತ್ತಿ ಹಿಡಿಯಲು ಹೇಳಿ, ಎಳೆದರು. ಬಲ ಹೆಬ್ಬೆರಳು ನೆಟ್ಟಗೇ ಇತ್ತು. ಎಡದ್ದು ತುದಿ ಗೆಣ್ಣಿನಲ್ಲಿ ಕೊಕ್ಕೆಯ ಹಾಗೆ ಬಾಗಿತು. ಅಲ್ನಾರ್ ನರದ ಸ್ನಾಯು ಕೈಕೊಟ್ಟಾಗ ಮೀಡಿಯನ್ ನರದ ಇನ್ನೊಂದು ಸ್ನಾಯು ಬಂದು ಕೆಲಸ ಸಾಗಿಸುತ್ತದೆ. ಆ ಬಾಗು ಅದರದೇ ಕುರುಹು. ಫ್ರಾನ್ಸಿನ ನರವೈದ್ಯ ಜೂಲ್ ಫ್ರೋಮಾ 1915ರಲ್ಲಿ ವಿವರಿಸಿದ ಪರೀಕ್ಷೆ ಇದು. ಇವತ್ತಿಗೂ ಒಂದು ಹಾಳೆ ಸಾಕು.

ಇದೇ ನರಕ್ಕೆ ಕುಷ್ಠರೋಗದಿಂದಲೂ ಪೆಟ್ಟಾಗುತ್ತದೆ. ಸ್ಪರ್ಶ ತಿಳಿಯದ ಮಚ್ಚೆ, ಮೊಣಕೈ ಹತ್ತಿರ ಹಗ್ಗದ ಹಾಗೆ ದಪ್ಪಗಾದ ನರ, ಬೆರಳು ಮಡಚಿಕೊಳ್ಳುವುದು. ಪೂರ್ತಿ ವಾಸಿಯಾಗುವ ರೋಗ, ನಾಚಿಕೆಯಿಂದ ತಡ ಮಾಡಿದರೆ ಮಾತ್ರ ಬೆರಳು ಹಾಗೇ ಉಳಿಯಬಹುದು.

ಸ್ವಲ್ಪ ಮೇಲೆ ಹೋಗೋಣ, ಕತ್ತಿಗೆ. ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರದ ಒಂದು ಬೇರನ್ನು ಒತ್ತಿದರೆ ನೋವು ಕತ್ತಿನಿಂದ ತೋಳಿನುದ್ದಕ್ಕೂ ಮಿಂಚಿನ ಹಾಗೆ ಇಳಿಯುತ್ತದೆ. ಹೆಚ್ಚಾಗಿ ಸಿಕ್ಕಿಕೊಳ್ಳುವುದು, ಕತ್ತಿನ ಮೇಲಿನಿಂದ ಎಣಿಸಿದರೆ, 7ನೇ ಬೇರು. ಆಗ ಎಳೆಯುವುದು ಸರಿ ಇರುತ್ತದೆ, ತಳ್ಳುವುದು ಕಷ್ಟ. ಬಾಗಿಲು ತಳ್ಳಲು ಹೋದರೆ ಮೊಣಕೈ ಮಡಚಿಕೊಳ್ಳುತ್ತದೆ. ಬಹಳ ಮಂದಿಗೆ ಆಪರೇಷನ್ ಇಲ್ಲದೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಎಂಆರ್‌ಐ ರಿಪೋರ್ಟಿನಲ್ಲಿ "ಡಿಸ್ಕ್ ಉಬ್ಬಿದೆ" ಅಂತ ಬರೆದಿದ್ದ ಮಾತ್ರಕ್ಕೆ ಗಾಬರಿ ಬೇಡ. ಯಾವ ತೊಂದರೆಯೂ ಇಲ್ಲದವರ ಕತ್ತಿನಲ್ಲೂ ಅದು ಕಾಣುವುದು ಸಾಮಾನ್ಯ.

ನನಗೆ ಹೆಚ್ಚು ಭಯ ಹುಟ್ಟಿಸುವುದು ನೋವಿಲ್ಲದೆ ಬರುವ ಇನ್ನೊಂದು. ಬೇರಲ್ಲ, ಬೆನ್ನುಹುರಿಯೇ ಕತ್ತಿನಲ್ಲಿ ಅದುಮಿಕೊಳ್ಳುವುದು. ವಯಸ್ಸಾದವರಲ್ಲಿ ಜಾಸ್ತಿ. ಎರಡೂ ಕೈ ಒಡ್ಡೊಡ್ಡಾಗುತ್ತವೆ. ಗುಂಡಿ ಹಾಕಲು ಐದು ನಿಮಿಷ. ಸಹಿ ಬದಲಾಗುತ್ತದೆ. ನಡೆಯುವಾಗ ಕಾಲು ಬಿಗಿದು ತೂಗಾಡುತ್ತದೆ. ಮನೆಯವರು ವಯಸ್ಸಾಯಿತು ಅಂತ ಬಿಟ್ಟುಬಿಡುತ್ತಾರೆ. ಮುಷ್ಟಿಯನ್ನು ಪೂರ್ತಿ ಬಿಗಿದು ಪೂರ್ತಿ ಬಿಚ್ಚುವುದನ್ನು 10 ಸೆಕೆಂಡಿನಲ್ಲಿ ಸುಮಾರು 20 ಸಲ ಮಾಡಲು ಆಗಬೇಕು. ಬಹಳ ಕಡಿಮೆಯಾದರೆ, ಅದರಲ್ಲೂ ನಡಿಗೆಯೂ ಕೆಟ್ಟಿದ್ದರೆ ಅಥವಾ ಮೂತ್ರದ ಹಿಡಿತ ತಪ್ಪಿದ್ದರೆ, ತಡ ಮಾಡದೆ ತೋರಿಸಿ.

ಚಿಕ್ಕ ವಯಸ್ಸಿನವರಲ್ಲಿ ಕತ್ತಿನದೇ ಒಂದು ವಿಚಿತ್ರ ಕಾಯಿಲೆ ಇದೆ. 18, 20ರ ಹುಡುಗ. ನೋವಿಲ್ಲ, ಜೋಮಿಲ್ಲ. ಒಂದು ಕೈಯ ಬೆರಳುಗಳ ನಡುವಿನ ಮಾಂಸ ಇಳಿದುಹೋಗಿದೆ, ಮುಂಗೈ ಸಣ್ಣಗಾಗಿದೆ. ಚಳಿಯಲ್ಲಿ ಬೆರಳು ಇನ್ನೂ ಮೊಂಡು. ಜಪಾನಿನ ವೈದ್ಯ ಕೀಜೋ ಹಿರಯಾಮ 1959ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಹಿರಯಾಮ ಕಾಯಿಲೆ ಅನ್ನುತ್ತಾರೆ. ಕತ್ತು ಮುಂದೆ ಬಗ್ಗಿಸಿದಾಗ ಬೆನ್ನುಹುರಿಯ ಹೊದಿಕೆ ಮುಂದೆ ಸರಿದು ಹುರಿಯನ್ನು ಒತ್ತುತ್ತದೆ. ತಮಾಷೆ ನೋಡಿ, ನೇರವಾಗಿ ಮಲಗಿಸಿ ತೆಗೆದ ಎಂಆರ್‌ಐನಲ್ಲಿ ಅದು ಕಾಣದೇ ಹೋಗಬಹುದು. ಕತ್ತು ಬಗ್ಗಿಸಿಯೇ ತೆಗೆಯಬೇಕು. ಇದು ಕೆಲವು ವರ್ಷ ಬೆಳೆದು ಆಮೇಲೆ ತಾನಾಗೇ ನಿಲ್ಲುವುದೇ ಹೆಚ್ಚು, ಆದರೆ ಹೋದ ಮಾಂಸ ವಾಪಸ್ ಬರುವುದು ಕಷ್ಟ. ಬೇಗ ಗೊತ್ತಾದರೆ ಕತ್ತಿಗೆ ಕಾಲರ್ ಹಾಕಿ ತಡೆಯಬಹುದು.

ನೋವಿಲ್ಲ, ಜೋಮಿಲ್ಲ, ಮಾಂಸ ಇಳಿಯುತ್ತಿದೆ ಅಂದ ತಕ್ಷಣ ಇಂಟರ್ನೆಟ್ ತೋರಿಸುವುದು ಎಎಲ್ಎಸ್, ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ ಪತ್ತೆಯಾದ ಕಾಯಿಲೆ. ಇದು ಅಪರೂಪ. ಕಣ್ಣುರೆಪ್ಪೆ, ತೋಳು ಪಟಪಟ ಅದುರಿದ ಮಾತ್ರಕ್ಕೆ ಇದೇ ಅಂತ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಶಕ್ತಿ ಕುಂದದೆ ಬರೀ ಅದುರುವುದು ಹೆಚ್ಚಿನ ಸಲ ನಿದ್ದೆಗೇಡಿನದೋ, ಕಾಫಿಯದೋ, ಆತಂಕದ್ದೋ ಆಟ.

ಬೆಳಗ್ಗೆ ಚೆನ್ನಾಗಿದ್ದು ಸಂಜೆಗೆ ಸೋಲುವ ಕೈ ಬೇರೆಯೇ ದಾರಿ ತೋರಿಸುತ್ತದೆ. ತಲೆ ಬಾಚಲು ಶುರು ಮಾಡಿದಾಗ ಸರಿ, ಮುಗಿಸುವಷ್ಟರಲ್ಲಿ ಕೈ ಕೆಳಗೆ. ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಇದು ಮಯಸ್ತೇನಿಯಾ ಗ್ರೇವಿಸ್ ಇರಬಹುದು. ನರಕ್ಕೂ ಸ್ನಾಯುವಿಗೂ ನಡುವಿನ ಸಂದು ಅಂದೆನಲ್ಲ, ಅಲ್ಲಿ ಸ್ನಾಯುವಿನ ಬಾಗಿಲಿಗೆ ನಮ್ಮದೇ ರೋಗನಿರೋಧಕ ಶಕ್ತಿ ಬೀಗ ಜಡಿಯುತ್ತದೆ. ಔಷಧಿ ಇದೆ, ಚೆನ್ನಾಗಿ ಕೆಲಸವೂ ಮಾಡುತ್ತದೆ. ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ತುರ್ತು. ಜ್ವರವೋ ಭೇದಿಯೋ ಆಗಿ ಒಂದೆರಡು ವಾರಕ್ಕೆ ಕಾಲಿನಿಂದ ಶುರುವಾಗಿ ದಿನದಿನಕ್ಕೆ ಕೈಗೂ ಏರುವ ಸೋಲು ಗಿಲನ್ ಬಾರೆ ಸಿಂಡ್ರೋಮ್ ಇರಬಹುದು, ಇಲ್ಲಿ ರೋಗನಿರೋಧಕ ಶಕ್ತಿ ನರಗಳ ಮೇಲೇ ಬೀಳುತ್ತದೆ. ಇದರಲ್ಲಂತೂ ಉಸಿರಾಟ ಕೆಡುವವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸ್ನಾಯುವೇ ಸೊರಗಿದ್ದರೆ ಬೆರಳಿಗಿಂತ ಭುಜ, ತೊಡೆ ಮೊದಲು ಸೋಲುವುದು ಸಾಮಾನ್ಯ. ಕಪಾಟಿನ ಮೇಲಿನ ಡಬ್ಬ ಇಳಿಸಲಾಗುವುದಿಲ್ಲ, ಕುರ್ಚಿಯಿಂದ ಕೈ ಊರದೆ ಏಳಲಾಗುವುದಿಲ್ಲ. ಥೈರಾಯ್ಡ್, ವಿಟಮಿನ್ ಡಿ ಕೊರತೆ, ಪೊಟ್ಯಾಸಿಯಂ ಇಳಿದಿರುವುದು, ಬಹಳ ದಿನ ತಗೊಂಡ ಸ್ಟಿರಾಯ್ಡ್, ಕೆಲವರಿಗೆ ಕೊಲೆಸ್ಟ್ರಾಲ್ ಮಾತ್ರೆ. ಬಹುಪಾಲು ರಕ್ತ ಪರೀಕ್ಷೆಯಲ್ಲೇ ಸಿಗುತ್ತವೆ. ಮಾತ್ರೆಯ ಮೇಲೆ ಅನುಮಾನ ಬಂದರೂ ನೀವೇ ನಿಲ್ಲಿಸಬೇಡಿ. ಸ್ಟಿರಾಯ್ಡ್ ಅಂತೂ ತಟ್ಟನೆ ಬಿಟ್ಟರೆ ಅಪಾಯ.

ಡಾಕ್ಟರ ಹತ್ತಿರ ಹೋಗುವಾಗ "ವೀಕ್‌ನೆಸ್" ಅನ್ನುವ ಒಂದೇ ಪದ ಸಾಲದು. ಏನು ಮಾಡಲು ಆಗುತ್ತಿಲ್ಲ ಅನ್ನುವುದನ್ನು ಹೇಳಿ. ಬೀಗ ತಿರುಗುತ್ತಿಲ್ಲವೋ, ಕೈ ಮೇಲೆ ಹೋಗುತ್ತಿಲ್ಲವೋ. ಯಾವ ಬೆರಳಿಗೆ ಜೋಮು, ಯಾವ ಹೊತ್ತಿಗೆ ಜಾಸ್ತಿ. ಎರಡೂ ಕೈಯನ್ನು ಅಕ್ಕಪಕ್ಕ ಇಟ್ಟು ಒಂದು ಫೋಟೋ ತೆಗೆದುಕೊಂಡು ಹೋಗಿ. ಮಾಂಸ ಇಳಿದದ್ದು ಒಂದೇ ಕೈ ನೋಡಿದರೆ ತಿಳಿಯುವುದಿಲ್ಲ. ನರಕ್ಕೆ ಸಣ್ಣ ಶಾಕ್ ಕೊಟ್ಟು ನೋಡುವ ಪರೀಕ್ಷೆ, ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಇಎಂಜಿ ಬೇಕಾಗಬಹುದು. ಪೆಟ್ಟಾದ ಮರುದಿನವೇ ಇಎಂಜಿ ಮಾಡಿದರೆ ಎಲ್ಲ ಸರಿ ಅಂತಲೇ ತೋರಿಸಬಹುದು. ಬದಲಾವಣೆ ಪೂರ್ತಿ ಕಾಣಲು ಎರಡು ಮೂರು ವಾರ ಬೇಕು.

ತುಂಡಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಅಂಗೈವರೆಗೆ 30 ಸೆಂಟಿಮೀಟರ್ ಅಂದುಕೊಂಡರೆ ಸುಮಾರು 300 ದಿನ. ನನ್ನದು ತುಂಡಾಗಿರಲಿಲ್ಲ, ಬರೀ ಅದುಮಿಕೊಂಡಿತ್ತು. ರಾತ್ರಿ ಮೊಣಕೈ ಮಡಚದ ಹಾಗೆ ಟವೆಲ್ ಸುತ್ತಿಕೊಂಡು ಮಲಗಿದೆ. ಮೇಜಿನ ಅಂಚಿಗೆ ಸ್ಪಂಜ್ ಅಂಟಿಸಿದೆ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಕಾಗದ ಹಿಡಿದು ನೋಡಿದೆ. ಹೆಬ್ಬೆರಳು ನೆಟ್ಟಗಿತ್ತು.