ವಾರಕ್ಕೆ ಎರಡೇ ದಿನ: ಅರೆತಲೆನೋವು ಮತ್ತು ಗುಳಿಗೆಯ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ಒಲೆಯ ಮುಂದೆ ರೇಡಿಯೋ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿರುವ ತಾಯಂದಿರು, ಗಂಜಿನಲ್ಲಿ ತೊಗರಿ ಚೀಲಗಳ ನಡುವೆ ಕುಳಿತಿರುವ ಅಣ್ಣಂದಿರು, ಪರೀಕ್ಷೆಗೆ ಓದುತ್ತಿರುವ ಮಕ್ಕಳು ನನ್ನ ಕಣ್ಣ ಮುಂದಿದ್ದಾರೆ. ನಿಮ್ಮಲ್ಲಿ ಯಾರಿಗೆ ತಲೆಯ ಒಂದು ಪಕ್ಕ ಹಿಡಿದು ನಾಡಿಯಂತೆ ಬಡಿಯುತ್ತದೆಯೋ, ಬೆಳಕು ಕಂಡರೆ ಕಣ್ಣು ಚುಚ್ಚುತ್ತದೆಯೋ, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆಯೋ, ಅವರಿಗಾಗಿ ಈ ಮಾತು. ಅದು ಅರೆತಲೆನೋವು, ಮೈಗ್ರೇನ್. ಔಷಧವಿಲ್ಲದೆ ಬಿಟ್ಟರೆ 4 ಗಂಟೆಯಿಂದ 72 ಗಂಟೆಯವರೆಗೂ ಕಾಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಮನೆಯಲ್ಲಿ ಯಾರಾದರೂ ಕತ್ತಲ ಕೋಣೆ ಹುಡುಕಿ ಮಲಗಿದರೆ ದಯವಿಟ್ಟು ಸೋಮಾರಿ ಎನ್ನಬೇಡಿ.

ಇದಕ್ಕೆ ಔಷಧ ಇದೆ. ಒಳ್ಳೆಯ ಔಷಧವೇ ಇದೆ. ಆದರೆ ಇವತ್ತು ನನ್ನಿಂದ ಒಂದೇ ಮಾತು ಕಟ್ಟಿಕೊಂಡು ಹೋಗಿ: ನೋವಿನ ಗುಳಿಗೆ ವಾರಕ್ಕೆ ಎರಡು ದಿನ ಮಾತ್ರ. ಮೂರನೆಯ ದಿನವೂ ಬೇಕೆನಿಸಿದರೆ ಅಂಗಡಿಗೆ ಹೋಗಬೇಡಿ, ವೈದ್ಯರ ಬಳಿ ಹೋಗಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನನ್ನ ಬಳಿ ಔಷಧಕ್ಕೆಂದು ಬಂದ ಒಬ್ಬ ತಾಯಿಯನ್ನು ನಾನು ಮರೆಯಲಾರೆ. ಆಳಂದ ಕಡೆಯವರು, ಕಲಬುರಗಿಯಲ್ಲಿ ಚಿಕ್ಕ ಖಾನಾವಳಿ ನಡೆಸುತ್ತಿದ್ದರು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ, ಜೊತೆಗೆ ಪುಂಡಿ ಪಲ್ಯ, ಶೇಂಗಾ ಹಿಂಡಿ. ಮೇ ತಿಂಗಳ ಬಿಸಿಲು, ಒಲೆಯ ಝಳ, ಅದರ ನಡುವೆ ಈ ತಲೆನೋವು. "ಎಷ್ಟು ದಿನಕ್ಕೊಮ್ಮೆ ಗುಳಿಗೆ ನುಂಗುತ್ತೀರಿ, ಅವ್ವ?" ಎಂದು ಕೇಳಿದೆ. "ಯಾವಾಗಲೋ ಒಮ್ಮೆ, ಸಾಹೇಬರೇ" ಎಂದರು. ಹಣ ಕೊಡಲು ಸೆರಗಿನ ಗಂಟು ಬಿಚ್ಚಿದಾಗ ನೋಟಿನ ಜೊತೆಗೆ ಮೂರು ಗುಳಿಗೆ ಮೇಜಿನ ಮೇಲೆ ಬಿದ್ದವು. ಕತ್ತರಿಯಿಂದ ಕತ್ತರಿಸಿ ಬಿಡಿಯಾಗಿ ಮಾರಿದ್ದು. ಹೆಸರು, ತಾರೀಖು ಎಲ್ಲ ಕತ್ತರಿಸಿ ಹೋಗಿತ್ತು.

ನಾನು ಬೈಯಲಿಲ್ಲ. ಒಂದು ಕೆಲಸ ಹೇಳಿದೆ. ಒಲೆಯ ಪಕ್ಕದ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ಗುಳಿಗೆ ನುಂಗಿದ ದಿನ ಆ ತಾರೀಖಿನ ಮನೆಯ ಮೇಲೆ ಒಂದು ಕುಂಕುಮದ ಚುಕ್ಕೆ ಇಡಿ. ತಿಂಗಳಾದ ಮೇಲೆ ಆ ಹಾಳೆಯನ್ನು ಸುರುಳಿ ಸುತ್ತಿ ತಂದರು. ಬಿಡಿಸಿದೆವು. 23 ಚುಕ್ಕೆ. ಉಪವಾಸದ ವಾರವಂತೂ ಪೂರ್ತಿ ಕೆಂಪು. ಆ ತಾಯಿ ಬೆರಳಿಟ್ಟು ಎಣಿಸಿ, ಮತ್ತೊಮ್ಮೆ ಎಣಿಸಿ, "ಇಷ್ಟು ನಾನೇ ತಿಂದೆನೇ?" ಎಂದರು.

ಕೇಳಿ, ಇದು ಮುಖ್ಯ. ತಿಂಗಳಿಗೆ 15 ದಿನ ಬರೀ ಪ್ಯಾರಾಸಿಟಮಾಲ್ ಆಗಲಿ, 10 ದಿನ ಎರಡು ಮೂರು ಔಷಧ ಬೆರೆಸಿದ ಗುಳಿಗೆಯಾಗಲಿ, ಹೀಗೆ ಮೂರು ತಿಂಗಳು ದಾಟಿತೆಂದರೆ ಗುಳಿಗೆಯೇ ತಲೆನೋವು ಹುಟ್ಟಿಸಲು ಶುರು ಮಾಡುತ್ತದೆ. ಮಿದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ಔಷಧ ಇಳಿದ ಕೂಡಲೇ ನೋವು ಏಳುತ್ತದೆ, ಮತ್ತೊಂದು ನುಂಗುತ್ತೀರಿ, ಮತ್ತೆ ಏಳುತ್ತದೆ. ಅದಕ್ಕೇ ವಾರಕ್ಕೆ ಎರಡು ದಿನ.

ಆ ತಾಯಿಯ ಗುಳಿಗೆ ನಿಲ್ಲಿಸಿದೆ. ಮೊದಲ ಹತ್ತು ದಿನ ನೋವು ಹೆಚ್ಚೇ ಆಯಿತು, ರೊಟ್ಟಿಯನ್ನು ಸೊಸೆ ಬಡಿದಳು. ಹೆಚ್ಚಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಅವರು ಧೈರ್ಯಗೆಡಲಿಲ್ಲ. ಜೊತೆಗೆ ತಲೆನೋವು ಬರದಂತೆ ತಡೆಯಲು ಪ್ರೊಪ್ರನೊಲಾಲ್ ಎಂಬ ಗುಳಿಗೆ ಬರೆದುಕೊಟ್ಟಿದ್ದೆ. ನಾಲ್ಕನೆಯ ದಿನ ಮಗ ಚೀಟಿ ಹಿಡಿದುಕೊಂಡು ಬಂದ. "ತಲೆನೋವು ಎಂದು ಬಂದರೆ ನಮ್ಮ ಅವ್ವನಿಗೆ ಬಿಪಿ ಗುಳಿಗೆ ಕೊಟ್ಟಿದ್ದೀರಲ್ಲ, ಸಾಹೇಬರೇ? ಅಂಗಡಿಯವರೇ ಹೇಳಿದರು." ಅವನ ಸಿಟ್ಟು ನ್ಯಾಯವಾದದ್ದೇ. ತಪ್ಪು ನನ್ನದು, ಮೊದಲೇ ತಿಳಿಸಿ ಹೇಳಬೇಕಿತ್ತು. ಎದೆನೋವಿಗೆಂದು ಈ ಔಷಧ ತೆಗೆದುಕೊಳ್ಳುತ್ತಿದ್ದವರ ಅರೆತಲೆನೋವೂ ಇಳಿದದ್ದು 1960ರ ದಶಕದಲ್ಲಿ ವೈದ್ಯರ ಗಮನಕ್ಕೆ ಬಂತು. ಅಂದಿನಿಂದ ಇದು ತಲೆನೋವಿನ ಔಷಧವೂ ಹೌದು. ಹಾಗೆಯೇ ಟೊಪಿರಾಮೇಟ್ ಮೂರ್ಛೆರೋಗದ್ದು, ಅಮಿಟ್ರಿಪ್ಟಿಲಿನ್ ಖಿನ್ನತೆಯದ್ದು. ಚೀಟಿಯಲ್ಲಿ ಇವನ್ನು ಕಂಡು ಗಾಬರಿಯಾಗಬೇಡಿ, ನಿಮಗೆ ಮೂರ್ಛೆಯೂ ಇಲ್ಲ, ಹುಚ್ಚೂ ಇಲ್ಲ.

ತಡೆಯುವ ಗುಳಿಗೆಯನ್ನು ನೋವಿದ್ದರೂ ಇಲ್ಲದಿದ್ದರೂ ದಿನವೂ ನುಂಗಬೇಕು. ಫಲ ಕಾಣಲು ಎರಡು ತಿಂಗಳು ಬೇಕು. ಎರಡು ವಾರಕ್ಕೆ "ಏನೂ ಗುಣವಿಲ್ಲ" ಎಂದು ಬಿಟ್ಟುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಿತ್ತಿದ ವಾರಕ್ಕೇ ತೊಗರಿ ರಾಶಿ ಮಾಡುತ್ತೀರಾ? ಆ ತಾಯಿ ಕಾದರು. ಮೂರನೆಯ ತಿಂಗಳ ಹಾಳೆಯಲ್ಲಿ ಐದು ಚುಕ್ಕೆ ಇದ್ದವು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಉಬ್ಬಸ ಇದ್ದವರಿಗೆ ಪ್ರೊಪ್ರನೊಲಾಲ್ ಬೇಡ. ಬಸಿರಾಗುವ ವಯಸ್ಸಿನ ಹೆಣ್ಣುಮಕ್ಕಳು ಟೊಪಿರಾಮೇಟ್ ಅಥವಾ ಮೂರ್ಛೆರೋಗದ್ದೇ ಇನ್ನೊಂದು ಔಷಧವಾದ ವ್ಯಾಲ್‌ಪ್ರೊಯೇಟ್ ಹೆಸರು ಕಂಡರೆ ವೈದ್ಯರನ್ನು ಕೇಳದೆ ನುಂಗಬೇಡಿ, ಹೊಟ್ಟೆಯಲ್ಲಿನ ಮಗುವಿಗೆ ಅಪಾಯ.

ನೋವು ಬಂದಾಗ ನುಂಗುವ ಗುಳಿಗೆಯನ್ನು ನೋವು ಶುರುವಾದಾಗಲೇ ನುಂಗಿ. ಇನ್ನು ಹತ್ತು ರೊಟ್ಟಿ ಮುಗಿಯಲಿ ಎಂದು ಕಾಯಬೇಡಿ. ಅರೆತಲೆನೋವು ಏರಿದಾಗ ಹೊಟ್ಟೆಯ ಚಲನೆಯೂ ನಿಧಾನವಾಗುತ್ತದೆ, ತಡವಾಗಿ ನುಂಗಿದ ಗುಳಿಗೆ ಒಳಗೇ ಕುಳಿತಿರುತ್ತದೆ. ವಾಂತಿಯಾದರೆ ಅದೂ ಹೋಯಿತು. ಪ್ಯಾರಾಸಿಟಮಾಲ್, ನ್ಯಾಪ್ರೋಕ್ಸೆನ್ ಯಾವುದೇ ಇರಲಿ, ವೈದ್ಯರು ಹೇಳಿದಷ್ಟು ಪೂರ್ತಿ ನುಂಗಿ. ಅರ್ಧ ನಿಮಗೆ, ಅರ್ಧ ನಾದಿನಿಗೆ ಎಂದು ಹಂಚಿಕೊಂಡರೆ ಇಬ್ಬರಿಗೂ ನೋವು ಹೋಗದು. ಇವುಗಳಿಗೆ ಬಗ್ಗದ ನೋವಿಗೆ ಸುಮಾಟ್ರಿಪ್ಟಾನ್ ಇದೆ, ಅರೆತಲೆನೋವಿಗೆಂದೇ ಮಾಡಿದ್ದು. ಹೃದಯದ ತೊಂದರೆ ಇದ್ದವರು ಅದನ್ನು ಮುಟ್ಟಬಾರದು. ಅದಕ್ಕೂ ಇದೇ ಲೆಕ್ಕ, ವಾರಕ್ಕೆ ಎರಡು ದಿನ.

ಅರೆತಲೆನೋವು ಬರದಂತೆ ತಡೆಯಲು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಹೊಸ ಚುಚ್ಚುಮದ್ದುಗಳು 2018ರಿಂದ ಬಳಕೆಗೆ ಬಂದಿವೆ. ಬೆಲೆ ಬಹಳ. ಹಳೆಯ ಅಗ್ಗದ ಗುಳಿಗೆಗಳೇ ಎಷ್ಟೋ ಮಂದಿಗೆ ಸಾಕು, ಮೊದಲು ಅವನ್ನು ಸರಿಯಾಗಿ ಬಳಸೋಣ.

ಕೊನೆಯದಾಗಿ, ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಇವು ಕಂಡರೆ ಗುಳಿಗೆ ಹುಡುಕುತ್ತಾ ಕೂರಬೇಡಿ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೊರಡಿ. ಉಳಿದವರು ಇವತ್ತೇ ಕ್ಯಾಲೆಂಡರಿನ ಪಕ್ಕ ಕುಂಕುಮದ ಡಬ್ಬಿಯೋ ಪೆನ್ನೋ ಇಡಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನು ಮರೆಯದೆ ತೆಗೆದುಕೊಂಡು ಹೋಗಿ. ನಮಸ್ಕಾರ.